ಸೊಣ್ಣಮ್ಮನ ರೇಟು

ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ
ನನ್ನದೊಂದು ಅಂಗಡಿ: ಜೆರಾಕ್ಸು, ಪ್ಯಾನ್ ಕಾರ್ಡು, ಪಹಣಿ.
ರಾತ್ರಿ ಎಂಟರ ಮೇಲೆ ಶಟರು ಅರ್ಧ ಇಳಿಸಿದರೆ
ಬಗ್ಗಿ ಒಳಬರುವವರೆಲ್ಲ ಕಂಟ್ರಾಕ್ಟರುಗಳು.

ಒಬ್ಬನ ಚಪ್ಪಲಿ ಬಾಗಿಲಲ್ಲಿ ಕಂಡರೆ
ಇನ್ನೊಬ್ಬ ಬೀಡಾ ಅಂಗಡಿಯಲ್ಲೇ ನಿಲ್ಲುತ್ತಾನೆ.
ಪಿಳ್ಳಪ್ಪ ಕಿವಿಯಲ್ಲಿ ಹೇಳುತ್ತಾನೆ: ಹದಿನೆಂಟು ಕಮ್ಮಿ ಹಾಕು.
ನವಾಜ್ ಸಾಬರು ಚೀಟಿಯಲ್ಲಿ ಬರೆದು ತೋರಿಸಿ
ನಾನು ಓದಿದ ಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ.
ಹೋಗುವಾಗ ಇಬ್ಬರೂ ಕೇಳುವುದು ಒಂದೇ:
ಅವನೆಷ್ಟು ಹಾಕ್ದ?

ನಾನು ಪ್ರಿಂಟರಿನ ಕಡೆ ನೋಡುತ್ತೇನೆ.
ಊರಿನ ಮೋರಿ, ಚರಂಡಿ, ಶಾಲೆಯ ಕಕ್ಕಸಿನ ಬಾಗಿಲು,
ಎಲ್ಲದರ ಬೆಲೆ ನನ್ನ ಬಾಯಲ್ಲಿದೆ
ಹಲ್ಲುನೋವಿನವನ ಲವಂಗದ ಹಾಗೆ.

ಬೈಯಾರೆಡ್ಡಿ ಬಂದರೆ ಮಾತ್ರ ಶಟರು ಪೂರ್ತಿ ಏಳುತ್ತದೆ.
ಅವನ ಬೀಗದ ಕೈ ಗೊಂಚಲಲ್ಲಿ ಮೂರು ಡೋಂಗಲು,
ಒಂದರಲ್ಲೂ ಅವನ ಹೆಸರಿಲ್ಲ.
ಮೀಸಲು ಕಾಮಗಾರಿ ಬಂತೆಂದರೆ
ಸೊಣ್ಣಮ್ಮ, ಕ್ಲಾಸ್ ಫೋರ್ ಗುತ್ತಿಗೆದಾರರು, ಬಿಡ್ ಮಾಡುತ್ತಾರೆ.
ಪಾಸ್‌ವರ್ಡು ಅವನ ಬುಲೆಟ್ಟಿನ ನಂಬರು.
ನಾಲ್ಕು ವರ್ಷ ಆ ಸಹಿ ಒತ್ತಿದ ಬೆರಳು ನನ್ನದೇ.
ಆಕೆಯ ಮುಖ ನೋಡಿರಲಿಲ್ಲ.

ಬಂದಳು. ಹಗಲಲ್ಲೇ.
ಹಿಮ್ಮಡಿಯ ಬಿರುಕಿನಲ್ಲಿ ಒಣಗಿದ ಸಿಮೆಂಟು.
ನನ್ ಸಹಿ ಬೇಕಾಗಿತ್ತು, ಅಂದಳು.
ಯಾವುದಕ್ಕೆ?
ಯಾವ್ದಕ್ಕೂ ಅಲ್ಲ. ಸಹೀನೇ ಬೇಕಾಗಿತ್ತು.
ರೆಡ್ಡಿ ಗೊಂಚಲಲ್ಲಿ ಐತಂತಲ್ಲ.

ಹಳೆಯದನ್ನು ರದ್ದು ಮಾಡಿ ಹೊಸದಕ್ಕೆ ಅರ್ಜಿ ಹಾಕಿದೆ.
ಫೋನು ಮುಖದೆದುರು ಹಿಡಿದು
ಹೆಸರು ಹೇಳಿ ಅಂದಾಗ ಸೆರಗು ತಲೆಗೆಳೆದು ಹೇಳಿದಳು.
ಸರಿಯಾಗಿ ಕೇಳಿಸಲಿಲ್ಲ ಅಂತು ಅದು.
ಎರಡನೇ ಸಲ ಬೀಡಾ ಅಂಗಡಿಯವನೂ ತಿರುಗಿ ನೋಡಿದ.
ಪಾಸ್‌ವರ್ಡು ಮಾತ್ರ ನನ್ನನ್ನು ಆಚೆ ನಿಲ್ಲಿಸಿ
ಮಗಳ ಕೈಲಿ ಒತ್ತಿಸಿದಳು.

ಆಮೇಲೆ ಕೇಳಿದಳು: ನಮ್ ಬೀದಿ ಚರಂಡಿ ಬಂದೈತಂತೆ, ತೆಗಿ.
ನೂರ ಎಂಬತ್ತು ಮೀಟರು. ಎಂಟು ಲಕ್ಷ ನಲವತ್ತೆರಡು ಸಾವಿರ.
ನಾನು ಒಂದೊಂದೇ ಐಟಂ ಓದಿದೆ:
ಅಗೆತ, ಜಲ್ಲಿ, ಎಂ ಸ್ಯಾಂಡು, ಕಬ್ಬಿಣ.
ಅವಳು ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸುತ್ತಾ ಕೂತಳು.
ಸಿಮೆಂಟಿನ ಮೂಟೆ ಕ್ಯಾಲ್ಕುಲೇಟರಿಗಿಂತ ಮೊದಲೇ
ಅವಳ ಗೆಣ್ಣಿಗೆ ಬಂದಿತ್ತು;
ಇಪ್ಪತ್ತೆರಡು ವರ್ಷ ಬಾಂಡ್ಲಿ ಹೊತ್ತವಳು.

ನಾಲ್ಕು ಕಮ್ಮಿ, ಅಂದಳು.
ಅದಕ್ಕಿಂತ ಇಳಿದ್ರೆ ಸಿಮೆಂಟಲ್ಲೇ ಕದೀಬೇಕು.

ಹಿಂದಿನ ರಾತ್ರಿಯೇ ಬೈಯಾರೆಡ್ಡಿ
ಗೊಂಚಲಿನ ಇನ್ನೊಂದು ಹೆಸರಲ್ಲಿ ಹಾಕಿ ಹೋಗಿದ್ದ.
ಇಪ್ಪತ್ತೇಳು ಕಮ್ಮಿ.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ನನ್ನ ಬಾಯಿ ತೆರೆಯಿತು.
ಅವಳಿಗೆ ಅದು ಹೇಗೋ ಗೊತ್ತಾಯಿತು.
ಹೇಳ್ಬ್ಯಾಡಪ್ಪ, ಅಂದಳು.
ಅವನ್ದು ಕೇಳಿ ಹಾಕಿದ್ರೆ
ನಂದೂ ಅವನ್ದೇ ಆಗೋಯ್ತದೆ.

ಚೀಟಿ ದುಡ್ಡಲ್ಲಿ ಇಎಂಡಿ ಕಟ್ಟಿದಳು.
ಡೋಂಗಲನ್ನು ಚಿಲ್ಲರೆ ಜೊತೆ ಸೆರಗಿನಲ್ಲಿ ಗಂಟು ಹಾಕಿಕೊಂಡಳು.
ರಸೀತಿಯಲ್ಲಿ ತನ್ನ ಹೆಸರೆಲ್ಲಿದೆ ಅಂತ ಕೇಳಿ
ಅಲ್ಲಿ ಬೆರಳಿಟ್ಟು, ಏನೂ ಅನ್ನದೆ ಹೋದಳು.

ಇಪ್ಪತ್ತೇಳೇ ಗೆದ್ದಿತು. ಗೆಲ್ಲದೆ ಏನು.
ಇಎಂಡಿ ವಾಪಸು ಬಂತು. ಚೀಟಿಯವನಿಗೆ ಹೋಯಿತು.
ಬೈಯಾರೆಡ್ಡಿ ಬುಲೆಟ್ಟಿನ ಮೇಲೆ ಕೂತೇ ಕೇಳಿದ:
ಆಯಮ್ಮನಿಗೆ ಯಾರು ಮಾಡಿಕೊಟ್ಟಿದ್ದು?
ನಾನು ಪ್ರಿಂಟರಿನ ಕಡೆ ನೋಡಿದೆ.

ದೀಪಾವಳಿ ಕಳೆದು ಎಂಟು ದಿನವಾಗಿತ್ತು.
ಮಧ್ಯಾಹ್ನ ಕರೆಂಟಿಲ್ಲದೆ ಸುಮ್ಮನೆ ಕೂತಿದ್ದೆ.
ಆ ಶೀಟು ಇನ್ನೂ ಇಟ್ಟಿದ್ದೀಯಾ, ಅಂತ ಬಂದಳು.
ಅದು ಮುಗೀತಲ್ಲಮ್ಮ.
ಚರಂಡಿ ಗೋಡೆ ದಪ್ಪ ಎಷ್ಟು ಬರೆದವ್ರೆ? ಅಷ್ಟು ಓದು.
ಫೈಲು ಹುಡುಕಿ ಬೆಳಕಿಗೆ ಹಿಡಿದೆ. ನೂರೈವತ್ತು ಮಿಲಿಮೀಟರು.
ನಮ್ ಲೆಕ್ಕದಾಗೆ ಹೇಳು.
ಆರು ಇಂಚು.

ಸೆರಗಿನ ಗಂಟು ಬಿಚ್ಚಿದಳು.
ಡೋಂಗಲು, ಎರಡು ರೂಪಾಯಿಯ ನಾಲ್ಕು ನಾಣ್ಯ,
ಅಳತೆಗೆ ಸರಿಯಾಗಿ ಮುರಿದ ಒಂದು ಪೊರಕೆ ಕಡ್ಡಿ.
ಕಡ್ಡಿಯನ್ನು ಟೇಬಲ್ಲಿನ ಮೇಲೆ ನೇರ ಇಟ್ಟು
ಸ್ಕೇಲ್ ಐತಾ, ಅಂದಳು.